ಬಲಗಡಿ ಮೂಲಿ

ಬೋರ್ಡ್ ಬರೆದು ಮುಗಿದ ಮ್ಯಾಲ
ಬಲಗಡಿ, ಕೆಳಗ, ಮೂಲ್ಯಾಗ
ನಮ್ಮ ಹೆಸರು ಹಾಕೋದು ರಿವಾಜು.
ಸಣ್ಣ ಬ್ರಶ್ಶು, ಉಳಿದ ಬಣ್ಣ:
ಮೌಲಾಲಿ ಆರ್ಟ್ಸ್, ಗುಲ್ಬರ್ಗಾ.

ಇವತ್ತು ಕಂಪ್ಯೂಟರಿನ ಅದೇ ಮೂಲ್ಯಾಗ
ವೈಫೈ ಗುರುತು ಕಾಣವಲ್ದು.
ಗಡಿಯಾರ ಅದ, ತಾರೀಖು ಅದ,
ಸ್ಪೀಕರ್ ಅದ, ಬಾಯಿ ಮುಚ್ಚಿಕೊಂಡು.
ಮೂರು ಬಿಲ್ಲು, ಕೆಳಗೊಂದು ಚುಕ್ಕಿ
ಇದ್ದ ಜಾಗ ಬೋಳು,
ಮೊಳಿ ಕಿತ್ತ ಗೋಡಿ ಹಂಗ.

ಮೊದಲು ರೌಟರ್ ಬಂದ್ ಮಾಡಿ ಚಾಲೂ ಮಾಡಿದೆ.
ಆಮ್ಯಾಲ ಕಂಪ್ಯೂಟರು.
ಆಮ್ಯಾಲ ಬಿಸ್ಮಿಲ್ಲಾ ಅಂದು ಇನ್ನೊಮ್ಮೆ ಕಂಪ್ಯೂಟರು.
ಸಿಪಿಯು ಡಬ್ಬಿಯ ಬೆನ್ನು ತಟ್ಟಿದೆ,
ಕೂಸಿಗೆ ತೇಗಿಸಿದಂಗ.
ಬೆನ್ನಿಗೆ ಚುಚ್ಚಿದ ಬೆರಳುದ್ದದ ಡಾಂಗಲ್
ನೀಲಿ ಕಣ್ಣು ಪಿಳಿಪಿಳಿ ಮಾಡತಿತ್ತು.
ನೋಡಿದೆ, ನಂಬಲಿಲ್ಲ.
ಮಾರಿದವನಿಗೆ ಫೋನ್ ಹಚ್ಚಿದರ
"ಫಾರ್ಮ್ಯಾಟ್ ಹೊಡಿಬೇಕ್ರಿ, ಆರು ನೂರು" ಅಂದ,
ಡಬ್ಬಿ ಮಾರಿ ಸೈತ ನೋಡದೆ.

ಹತ್ತು ಗಂಟೆಗೆ ಕಲ್ಲಪ್ಪ ಬಂದಿದ್ದ, ತಲಿಗೆ ಟವೆಲ್ಲು.
ಅವರ ಕಾಕಾ ತೀರಿಕೊಂಡಾರ.
"ಫೋಟೋ ಕಳಿಸೀನಿ, ಮೂರು ಬೈ ಐದು ಬ್ಯಾನರು,
ಮಣ್ಣಿಗಿಂತ ಮೊದಲ ಬೇಕು."
ನಾ ಮೂಲಿ ತೋರಿಸಿದೆ.
"ನೆಟ್ ಇಲ್ಲಪಾ. ನೋಡು, ಗುರುತೇ ಇಲ್ಲ."
ಅವ ಬೋಳು ಜಾಗ ನೋಡಿದ, ನನ್ನ ನೋಡಿದ,
ಗಾಡಿ ಕಿಕ್ ಹೊಡೆದು
ಸೂಪರ್ ಮಾರ್ಕೆಟ್ ಕಡಿಗೆ ಹೋದ.

ಮಧ್ಯಾಹ್ನ, ಡಾಂಬರು ಮೆತ್ತಗಾಗೋ ಹೊತ್ತಿಗೆ
ಬಾಜು ರೊಟ್ಟಿ ಕೇಂದ್ರದ ಭಾಗೀರಥಿ ಮಗಳು ಬಂದಳು,
ಶೀತಲ್, ಪಾಲಿಟೆಕ್ನಿಕ್ ಎರಡನೇ ವರ್ಷ,
ಮೊಣಕೈ ತನಕ ಜೋಳದ ಹಿಟ್ಟು.
"ಏನೇನ್ ಒತ್ತೀರಿ ಕಾಕಾ?"
"ಎಲ್ಲಾ ಒತ್ತೀನಿ."
"ಅದಕ್ಕ."

ಮೂಲಿಯ ಸಣ್ಣ ಬಾಣ ಒತ್ತಿದಳು.
ಅಡಗಿ ಕುಂತವರೆಲ್ಲ ಹೊರಗ ಬಂದರು:
ಪ್ರಿಂಟರು, ಆಂಟಿವೈರಸ್ಸು, ಹೆಸರು ಗೊತ್ತಿಲ್ಲದ ಇಬ್ಬರು.
ನಮ್ಮವ ಅವರೊಳಗ ಇರಲಿಲ್ಲ.
ಕೆಳಗಿನ ಪಟ್ಟಿ ಮ್ಯಾಲ ಮೌಸಿನ ಬಲಗಿವಿ ಹಿಂಡಿದಳು.
ಸೆಟ್ಟಿಂಗ್ಸು, ಅದರ ಹೊಟ್ಟ್ಯಾಗ ಇನ್ನೊಂದು ಯಾದಿ,
ಗಡಿಯಾರ, ಆವಾಜು, ನೆಟ್‌ವರ್ಕು,
ಒಂದೊಂದರ ಬಾಜು ಒಂದೊಂದು ಗುಂಡಿ.
ನೆಟ್‌ವರ್ಕಿನದು ಆಫ್.

"ನೆಟ್ ಎಲ್ಲೂ ಹೋಗಿಲ್ಲ ಕಾಕಾ.
ತೋರಿಸಬ್ಯಾಡ ಅಂತ ನೀವೇ ಹೇಳೀರಿ."
ಟಕ್.
ಮೂರು ಬಿಲ್ಲು, ಒಂದು ಚುಕ್ಕಿ.

ನಗು ಬರಬೇಕಿತ್ತು.
ಊರಿನ ಹೆಸರು ಬದಲಾದ ವರ್ಷ
ಇದೇ ಕೈಲೆ ಎಷ್ಟು ಅಂಗಡಿ ಮ್ಯಾಲ
ಗುಲ್ಬರ್ಗಾ ಅಳಿಸಿ ಕಲಬುರಗಿ ಬರೆದೀನಿ,
ಅಕ್ಷರಕ್ಕ ಹನ್ನೆರಡು ರೂಪಾಯಿ.
ಬಿಳಿ ಬಣ್ಣ ಒಣಗೋ ತನಕ, ಎರಡು ತಾಸು,
ಆ ಬೋರ್ಡಿನ್ಯಾಗ ಊರೇ ಇರತಿರಲಿಲ್ಲ.
ಬಸ್ಸು ಬರತಿದ್ದವು,
ತೊಗರಿ ಲಾರಿ ಬರತಿದ್ದವು ಹೊಟ್ಟು ಹಾರಿಸಿಕೋತ,
ಯಾರೂ ದಾರಿ ತಪ್ಪಲಿಲ್ಲ.
ಫ್ಲೆಕ್ಸ್ ಬಂದ ಮ್ಯಾಲ
ಮೂಲ್ಯಾಗಿನ ನನ್ನ ಹೆಸರೂ ಯಾರಿಗೂ ಬ್ಯಾಡಾಯಿತು,
ನಾ ಮಾತ್ರ ದಿನಾ ಎಂಟಕ್ಕ ಶಟರ್ ಎತ್ತತೀನಿ.
ಇಷ್ಟೆಲ್ಲ ಕಂಡವ, ನೋಡ್ರಿ,
ಗುರುತು ಕಾಣಲಿಲ್ಲಂತ
ಹೊಳ್ಯಾಗ ನೀರೇ ಇಲ್ಲ ಅಂದೆ.

ಶೀತಲ್ ಇನ್‌ಬಾಕ್ಸ್ ತೆಗೆದಳು.
ಕಲ್ಲಪ್ಪನ ಕಾಕಾ
ಒಂಬತ್ತು ನಲವತ್ತಕ್ಕೇ ಬಂದು ಕುಂತಿದ್ದ,
ರುಮಾಲು ಸುತ್ತಿ, ಒಂದೇ ಹಲ್ಲು ಕಾಣೋ ಹಂಗ ನಕ್ಕೋತ.
ಹೊರಗ ಎಲ್ಲೋ ಹಲಗಿ ಕೇಳಿಸಿತು.
ಅವರದೇ ಇರಬೇಕು. ಇರಲಿಕ್ಕಿಲ್ಲ.

"ತೆಗೆದು ಹಾಕಲೇನು?"
"ಇರಲಿ ಬಿಡವ್ವಾ."
ರೊಟ್ಟಿ ಹೊತ್ತತಾವ ಅಂತ ಓಡಿದಳು.
ಕೀಬೋರ್ಡಿನ ಸಂದ್ಯಾಗೆಲ್ಲ ಹಿಟ್ಟು.
ಝಾಡಿಸಲಿಕ್ಕೆ ಆ ಸಣ್ಣ ಬ್ರಶ್ಶೇ ಬೇಕು,
ಹೆಸರು ಬರಿಯೋದು.
ಎಲ್ಲಿಟ್ಟೀನೋ.